ಮೊದಲ ಚೀಲ

ಆ ಮಾರುಕಟ್ಟೆಯ ಹಮಾಲರಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಸಂಘದ ಅಧ್ಯಕ್ಷ ಮೊದಲ ಚೀಲದ ಮೇಲೆ ತನ್ನ ಟವೆಲ್ ಹಾಸುವವರೆಗೆ ಯಾರೂ ಭಾರ ಎತ್ತುತ್ತಿರಲಿಲ್ಲ. ವ್ಯಾಪಾರಿಗಳು ಕೂಲಿ ಹೆಚ್ಚಿಸಲು ಒಪ್ಪದ ಕಾರಣ, ಅಂದು ಅವನು ಟವೆಲನ್ನು ಹೆಗಲಿನಿಂದ ಇಳಿಸಲೇ ಇಲ್ಲ.

ಸಂಘದ ಕೋಣೆಯಲ್ಲಿ ಕೂತು, ಇಂಗ್ಲಿಷ್ ಪೇಪರಿನಲ್ಲಿ ಬಂದಿದ್ದ ತನ್ನ ಫೋಟೊವನ್ನು ಕಾರ್ಯದರ್ಶಿಯ ಮುಂದೆ ಹಿಡಿದ.

"ಕೆಳಗ ಏನ್ ಬರದಾರ, ಓದು."

"ಇಡೀ ಮಾರ್ಕೆಟ್ಟಿನ ಮ್ಯಾಲೆ ನಿಮ್ಮ 'ಸ್ವೇ' ಐತಿ ಅಂತ ಬರದಾರಣ್ಣ."

"ಹಂಗಂದ್ರ?"

"ಇಲ್ಲಿ ನಿಮ್ಮ ಮಾತ ನಡೀತೈತಿ ಅಂತ. ನೀವು ಕುಂದ್ರು ಅಂದ್ರ ಕುಂದ್ರತಾರ, ಏಳು ಅಂದ್ರ ಏಳತಾರ."

ಅಧ್ಯಕ್ಷ ಮೀಸೆ ತಿರುವಿದ. "ಯಾರ್ಯಾರಿಗೆ ಬಳಸ್ತಾರ ಈ ಶಬ್ದ?"

"ರಾಜರಿಗೆ, ದೊಡ್ಡ ದೊಡ್ಡ ಮಂತ್ರಿಗಳಿಗೆ."

"ಹಂಗಾದ್ರ ಇವತ್ತ ಒಂದ ಚೀಲನೂ ಅಲುಗಾಡಂಗಿಲ್ಲ."

"ಎಲ್ಲಿ ಅಲುಗಾಡತಾವಣ್ಣ! ಕುಂದ್ರರಿ, ಚಾ ತರಸ್ತೀನಿ. ಪೂರಾ ಓದಿ ಹೇಳ್ತೀನಿ."

ಅಧ್ಯಕ್ಷ ಅವನನ್ನೇ ನೋಡಿದ. "ನಿನ್ನ ಹೆಗಲ ಯಾಕ ಖಾಲಿ? ಕಾರ್ಯದರ್ಶಿ ಮಾಡಿದ ದಿನ ನಾ ಹೊದಿಸಿದ ಹಸಿರು ಟವೆಲ್ ಎಲ್ಲಿ?"

"ಒಗದ ಹಾಕೀನಣ್ಣ. ಒಣಗಾಕತ್ತೈತಿ."

ಚಾ ಬಂತು. ಅರ್ಧ ಕುಡಿಯುವಷ್ಟರಲ್ಲಿ ಹೊರಗೆ ಲಾರಿಯೊಳಗೆ ಚೀಲಗಳು ದಬದಬ ಬೀಳುವ ಸದ್ದು ಕೇಳಿತು. ಅಧ್ಯಕ್ಷ ಪೇಪರನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದ. ಹಮಾಲರೆಲ್ಲ ಭಾರ ಹೊತ್ತು ಬಗ್ಗಿ ನಡೆಯುತ್ತಿದ್ದರು. ಒಬ್ಬನೂ ತಲೆಯೆತ್ತಿ ಅವನ ಮುಖ ನೋಡಲಿಲ್ಲ.

ಮೊದಲ ಚೀಲದ ಮೇಲೆ, ನೆರಿಗೆಯಿಲ್ಲದಂತೆ, ಹಸಿರು ಟವೆಲ್ ಹಾಸಿತ್ತು.