ಹುಳ ತಿನ್ನುತ್ತಿದ್ದ ಶಂಖ

ಮೊಟ್ಟೆ ಬೇಯುವ ವಾಸನೆ ಬಂದರೆ ಇವತ್ತಿಗೂ ನನ್ನ ನೆತ್ತಿ ತಣ್ಣಗಾಗುತ್ತದೆ.

ಅವತ್ತು ವಿರೂಪಾಕ್ಷಿಪುರದ ಶಾಲೆಯಲ್ಲಿ ಬಿಸಿಯೂಟದ ಜೊತೆ ಕೊಟ್ಟ ಮೊಟ್ಟೆ ತಿಂದು ಬಂದಿದ್ದೆ. ಅಜ್ಜಿ ನನ್ನ ಬಾಯಿ ಮೂಸಿ ನೋಡಿ, ದೇವರ ಮನೆಯ ಹೊಸ್ತಿಲಲ್ಲೇ ತಡೆದಳು.

"ಒಳಕ್ಕೆ ಕಾಲಿಟ್ಟೀಯ, ಹುಷಾರ್!"

ನನಗೆ ಮೈಯೆಲ್ಲ ಉರಿಯಿತು. ದೇವರ ಮುಂದಿದ್ದ ಶಂಖವನ್ನು ತೋರಿಸಿದೆ.

"ಅದು ಸಮುದ್ರದ ಬಸವನಹುಳದ ಚಿಪ್ಪು ಅಜ್ಜಿ! ಬದುಕಿದ್ದಾಗ ಬೇರೆ ಹುಳಗಳನ್ನ ಹಿಡ್ಕೊಂಡು ತಿಂತಿತ್ತಂತೆ, ಮೇಷ್ಟ್ರು ಹೇಳವ್ರೆ. ಅದ್ಯಾಕೆ ಒಳಗೈತೆ? ನಾನು ತಿಂದಿದ್ದು ಒಂದೇ ಮೊಟ್ಟೆ!"

ಅಜ್ಜಿ ಶಂಖವನ್ನು ಎತ್ತಿಕೊಂಡು, ಅದರ ನುಣುಪಾದ ಬಾಯನ್ನು ಸೆರಗಿನಿಂದ ಒರೆಸುತ್ತಾ ಸ್ವಲ್ಪ ಹೊತ್ತು ನೋಡಿದಳು. ಗೆದ್ದೆ ಅಂದುಕೊಂಡೆ. ಅವಳು ಅದರ ತುಂಬ ನೀರು ತುಂಬಿ ನನ್ನ ನೆತ್ತಿಗೆ ಸುರಿದಳು.

"ಆಯ್ತು, ಒಳಕ್ಕೆ ಬಾರಮ್ಮಿ. ನಾಳೀಕೂ ಮೊಟ್ಟೆ ಕೊಟ್ರೆ ತಿನ್ನು. ನೀರಿಗೇನು ಬರ ಬಂದೈತಾ?"