ಎಡಗಾಲಿನ ಹೆಜ್ಜೆ

ಅಜ್ಜಿಯ ಕತೆಯಲ್ಲಿ ರಾಕ್ಷಸನ ಕೈಯಿಂದ ತಪ್ಪಿಸಿಕೊಂಡ ರಾಜಕುಮಾರಿ ಮುಖಕ್ಕೆ ಮಸಿ ಬಳಿದುಕೊಂಡು ಊರೂರು ಅಲೆಯುತ್ತಾಳೆ. ಗಂಡನ ಮನೆಯಿಂದ ಓಡಿಬಂದ ಇವಳಿಗೆ ಮಾಸ್ಕೇ ಮಸಿ. ಅದನ್ನು ತೆಗೆಯದೆಯೇ ಈ ದೂರದ ಊರಿನ ಸ್ಟುಡಿಯೋದಲ್ಲಿ ಹಿಪ್‌ಹಾಪ್ ಕಲಿಯುತ್ತಿದ್ದಳು. ಗಂಡ ಮುರಿದಿದ್ದ ಎಡಗಾಲು ಮಾತ್ರ ಪ್ರತಿ ತಿರುವಿನಲ್ಲೂ ಒಂದು ಕ್ಷಣ ತಡೆದು, ಎಳೆದುಕೊಂಡು ಬರುತ್ತಿತ್ತು.

"ಅದೇ ನಿಮ್ಮ ಸ್ಟೈಲು ಅಕ್ಕಾ, ಮುಚ್ಚಿಡಬೇಡಿ," ಎಂದ ಮಾಸ್ಟರ್, ಅವಳು ಕುಣಿದ ವಿಡಿಯೋವನ್ನು ಇನ್‌ಸ್ಟಾಗ್ರಾಮಿಗೆ ಹಾಕಿಯೇಬಿಟ್ಟ.

"ತೆಗೆದುಬಿಡಿ ಮಾಸ್ಟರ್. ಯಾರಾದ್ರೂ ಗುರುತು ಹಿಡಿದ್ರೆ?"

"ಮುಖಾನೇ ಕಾಣಲ್ಲ, ಯಾರು ಹಿಡೀತಾರೆ?"

ಮುಂದಿನ ವಾರ ಎಂದಿನಂತೆ ಎಲ್ಲರೂ ವೃತ್ತವಾಗಿ ನಿಂತು, ಒಬ್ಬೊಬ್ಬರಾಗಿ ನಡುವೆ ಹೋಗಿ ಕುಣಿದರು. ಅಂದೇ ಸೇರಿದ್ದ ಗಂಡಸೊಬ್ಬ, ಅವನೂ ಮಾಸ್ಕ್ ಹಾಕಿದ್ದವನು, ನೇರವಾಗಿ ಅವಳ ಎದುರಿಗೇ ಬಂದು ತನ್ನ ಎಡಗಾಲನ್ನು ಅವಳಂತೆಯೇ ತಡೆದು, ಎಳೆದ. ಚಪ್ಪಾಳೆ ಬಿತ್ತು. ಅವಳ ಕೈ ಮೇಲೇಳಲಿಲ್ಲ.

"ವಿಡಿಯೋ ನೋಡ್ಕೊಂಡೇ ಇಷ್ಟು ಚೆನ್ನಾಗಿ ಕಲಿತುಬಿಟ್ರಾ?" ಮಾಸ್ಟರ್ ಬೆರಗಾಗಿ ಕೇಳಿದ.

"ಕಲಿಯೋದೇನು ಬಂತು ಮಾಸ್ಟರ್," ಎನ್ನುತ್ತ ಅವನು ಮಾಸ್ಕ್ ಕೆಳಗಿಳಿಸಿದ. "ಅವಳಿಗೆ ಇದನ್ನ ಕಲಿಸಿದ್ದೇ ನಾನು."