ಮಾವನವರ ಕಿವಿ

ಸ್ವಿಚ್ ಹಾಕಿದ ಮಾವ ಮೇಜಿನ ಮೇಲಿದ್ದ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕಿವಿಗೊಟ್ಟರು. ಅದು ಗುಂಯ್ ಎನ್ನಲೇ ಇಲ್ಲ. "ಇದಕ್ಕೆ ಜೀವ ಬಂದಿಲ್ಲಮ್ಮ," ಎಂದರು. ಆಯುಷ್ಯವಿಡೀ ಅವರು ಟ್ರಾನ್ಸ್‌ಫಾರ್ಮರುಗಳ ನಾಡಿ ನೋಡಿದ್ದು ಈ ಕಿವಿಯಿಂದಲೇ.

ಸೊಸೆ ತಲೆ ತಗ್ಗಿಸಿದಳು. ಅದರ ಹೊಟ್ಟೆಯಲ್ಲಿದ್ದುದು ಅವಳೇ ತಯಾರಿಸಿದ ಉಕ್ಕಿನ ಹಾಳೆ. ಸಿಲಿಕಾನ್ ಜಾಸ್ತಿಯಾದ ಉಕ್ಕು ರೋಲರಿನಡಿ ಗಾಜಿನಂತೆ ಒಡೆಯುತ್ತದೆ. ಹದವಾಗಿ ಬಿಸಿ ಮಾಡಿ, ರಮಿಸಿ, ಅದನ್ನು ಕಾಗದದಷ್ಟು ತೆಳ್ಳಗಾಗಿಸುವಷ್ಟರಲ್ಲಿ ಅವಳು ಹಣ್ಣಾಗಿದ್ದಳು.

ಸ್ವಿಚ್ ಆರಿಸಲು ಮಾವ ಕೈ ಚಾಚಿದರು. ಎದುರಿನ ಗೋಡೆಯ ಮೇಲೆ ಕೈಯ ನೆರಳೂ ಚಾಚಿಕೊಂಡಿತು. ಇಬ್ಬರೂ ಹಿಂದಕ್ಕೆ ತಿರುಗಿದರು. ಟ್ರಾನ್ಸ್‌ಫಾರ್ಮರಿನಿಂದ ತಂತಿ ಎಳೆದು ಬೆನ್ನ ಹಿಂದೆ ಸಿಕ್ಕಿಸಿದ್ದ ಬಲ್ಬು ಉರಿಯುತ್ತಿತ್ತು. ಹಳೆಯ ಹಾಳೆಗಳಂತೆ ಅದುರಿ ಗುಂಯ್ ಎನ್ನದೆ, ಹೊಸ ಹಾಳೆ ಸದ್ದಿಲ್ಲದೆ ದುಡಿಯುತ್ತಿತ್ತು.

ಮಾವ ಮತ್ತೊಮ್ಮೆ ಕಿವಿಗೊಟ್ಟು ನಕ್ಕರು. "ಗೊಣಗದೇನೂ ಕೆಲಸ ಮಾಡ್ಬಹುದು ಅಂತ ನಿಮ್ಮತ್ತೆಗೆ ಮಾತ್ರ ಹೇಳ್ಬೇಡ ಕಣಮ್ಮ. ಆಮೇಲೆ ನನ್ನ ಕಥೆ ಮುಗೀತು."